ಅಮ್ಮನ ರೂಮಿನ ನೀಲಿ ಗೋಡೆ

ತಾರೀಖು ೧೪, ಭಾನುವಾರ
ಅಂಗಡಿಯಿಂದ, ಮಧ್ಯಾಹ್ನ

ಮುದ್ದಿನ ಗುಂಡಿಗೆ,

ಇಲ್ಲಿ ಎಲ್ಲ ಕ್ಷೇಮ, ಅಲ್ಲಿಯ ಕ್ಷೇಮಕ್ಕೆ ಬರೆಯುವುದು ಎಂದು ಶುರು ಮಾಡುವುದು ವಾಡಿಕೆ. ನಾನು ಕ್ಷೇಮವೇ. ನೀನು ಹೇಗಿದ್ದೀಯ ಎಂದು ಕೇಳುವುದನ್ನು ಮಾತ್ರ ಕೊನೆಗೆ ಇಟ್ಟುಕೊಂಡಿದ್ದೇನೆ. ಮರೆತಳು ಎಂದುಕೊಳ್ಳಬೇಡ.

ನೀವು ಕೊಳ್ಳಲಿರುವ ಮನೆಯ ಪರೀಕ್ಷೆ ಮುಗಿದ ದಿನವೇ ಎಲ್ಲವನ್ನೂ ವಿವರವಾಗಿ ತಿಳಿಸು ಎಂದಿದ್ದೆ ನೀನು. ವಾರ ದಾಟಿಹೋಯಿತು, ಬೇಜಾರು ಮಾಡಿಕೊಳ್ಳಬೇಡ. ಶಾಲೆ ಶುರುವಾಗುವ ಕಾಲ, ಹೋದ ವರ್ಷದ ಪ್ಯಾಂಟುಗಳ ಮಡಿಕೆ ಬಿಚ್ಚಿ ಉದ್ದ ಮಾಡುವುದರಲ್ಲೇ ದಿನ ಕಳೆಯಿತು ಎಂದು ನೆಪ ಹೇಳಬಹುದು. ನಿಜ ಅದಲ್ಲ. ಎರಡು ಸಲ ಬರೆದು ಹರಿದೆ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಫೋನು ಯಾವಾಗಲೂ ಸ್ಪೀಕರಿನಲ್ಲೇ ಇರುತ್ತದೆ. ನಾನು "ಊಟ ಆಯ್ತಾ" ಎಂದರೆ ಹಿಂದಿನಿಂದ ನಿಮ್ಮತ್ತೆ "ಆಯ್ತು, ನಿಮ್ಮದು?" ಎನ್ನುತ್ತಾರೆ. ಮಗಳ ಊಟ ವಿಚಾರಿಸಿದರೆ ಬೀಗಿತ್ತಿಯ ಊಟದ ಸಮಾಚಾರ ಸಿಗುತ್ತದೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇದಕ್ಕೆ ಸ್ಪೀಕರ್ ಇಲ್ಲ. ನೀನೊಬ್ಬಳೇ ಇರುವಾಗ ಓದು.

ಮೊದಲು ಒಂದು ಜಗಳ ತೀರಿಸಿಕೊಳ್ಳುತ್ತೇನೆ. ನಿಮ್ಮಿಬ್ಬರಿಗೂ ಈ ಊರಿಗೇ ವರ್ಗವಾಯಿತು, ನನ್ನ ಅಂಗಡಿಯಿಂದ ನಡೆದು ಹೋಗುವಷ್ಟು ದೂರದಲ್ಲೇ ಮನೆ ನೋಡಿದ್ದೀರಿ ಎಂದು ಕೇಳಿದಾಗ ನಾನು ಹೊಲಿಗೆ ನಿಲ್ಲಿಸಿ ಬೀದಿಗೆ ಹೋಗಿ ನಿಂತಿದ್ದೆ. ಯಾರಿಗಾದರೂ ಹೇಳಬೇಕಿತ್ತು, ಎದುರಿಗೆ ಸಿಕ್ಕಿದ ಗ್ಯಾಸ್ ಸಿಲಿಂಡರಿನವನಿಗೆ ಹೇಳಿದೆ. ಆಮೇಲೆ ಪರೀಕ್ಷೆಯ ದಿನ ಬಂತು. ನಿನಗೆ ರಜೆ ಸಿಗಲಿಲ್ಲ ಎಂದೆ, ಅಳಿಯಂದಿರಿಗೂ ಆಗುವುದಿಲ್ಲ ಎಂದೆ. "ನಾನಿದ್ದೀನಲ್ಲ, ನೋಡ್ಕೋತೀನಿ" ಎಂದೆ ನಾನು. "ಅತ್ತೆ ಬರ್ತಾರೆ ಬಿಡಮ್ಮ" ಎಂದುಬಿಟ್ಟೆ ನೀನು. ಇದೇ ಊರಿನಲ್ಲಿ ಇರುವವಳು ನಾನು. ರೈಲು ಹತ್ತಿ ಬರುವವರು ಅವರು. ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳುವುದಿಲ್ಲ.

ಬಂದರು. ತಮ್ಮ ದಿಂಬು ತಾವೇ ತಂದಿದ್ದರು. ಮೂರು ದಿನ ನನ್ನ ಜೊತೆ ಇದ್ದರಲ್ಲ, ಅವರಲ್ಲಿ ಒಂದು ತಪ್ಪು ಸಿಕ್ಕಿದ್ದರೆ ನಾನು ಎಷ್ಟು ಸುಖವಾಗಿರುತ್ತಿದ್ದೆನೋ. ಕುಡಿದ ಲೋಟ ತಾವೇ ತೊಳೆದಿಟ್ಟರು. ನನ್ನ ಕಾಜಾ ಹೊಲಿಗೆಯನ್ನು ಬೆಳಕಿಗೆ ಹಿಡಿದು ನೋಡಿ, "ಮಷಿನ್‌ದಲ್ಲ ಇದು, ಕೈದು" ಎಂದು ಗುರುತಿಸಿದರು. ಬೆಳಿಗ್ಗೆ ಎದ್ದು ಕಿಟಕಿಯ ಹತ್ತಿರ ನಿಂತು ತಮ್ಮ ಉಸಿರಾಟದ ಪಂಪನ್ನು ಎರಡು ಸಲ ಒತ್ತಿಕೊಂಡು, ಅದರ ಸದ್ದಿಗೆ ನನಗೆಲ್ಲಿ ಎಚ್ಚರವಾಯಿತೋ ಎಂದು ತಿರುಗಿ ನೋಡುತ್ತಿದ್ದರು. ನರ್ಸ್ ಆಗಿ ರಿಟೈರ್ ಆದವರಲ್ಲವೇ, ಎಲ್ಲದರಲ್ಲೂ ಅಚ್ಚುಕಟ್ಟು. ಇಂಥವರ ಮೇಲೆ ಹೊಟ್ಟೆಕಿಚ್ಚು ಪಡುವುದು ಬಹಳ ಕಷ್ಟದ ಕೆಲಸ. ನಾನು ಕಷ್ಟಪಟ್ಟೇ ಪಟ್ಟೆ.

ಒಂದು ತಪ್ಪು ಸಿಕ್ಕಿತು ಅನ್ನು. ಮಾತಿನ ಮಧ್ಯೆ ನಿನ್ನನ್ನು "ನಮ್ಮ ಗುಂಡಿ" ಎಂದರು. ಎರಡು ವರ್ಷದವಳಿದ್ದಾಗ ನನ್ನ ಡಬ್ಬಿಯಿಂದ ಅಂಗಿಯ ಗುಂಡಿ ನುಂಗಿ, ಅದು ಹೊರಗೆ ಬರುವವರೆಗೂ ನಾನು ಅನ್ನ ಮುಟ್ಟದೆ ಕೂತಿದ್ದಕ್ಕೆ ಬಂದ ಹೆಸರು ಅದು. ಕಾದವಳು ನಾನು, ಕರೆಯುವವರು ಅವರು.

ಇರಲಿ, ಮನೆಯ ವಿಷಯಕ್ಕೆ ಬರುತ್ತೇನೆ.

ಗೋಡೆ ಪರೀಕ್ಷಿಸಲು ನೀನು ಗೊತ್ತು ಮಾಡಿದ್ದ ಕ್ಯಾಮೆರಾದವರು ಬೆಳಗಾಗುತ್ತಿದ್ದಂತೆಯೇ ಬನ್ನಿ ಎಂದಿದ್ದರು. ಬಿಸಿಲು ಬಿದ್ದು ಗೋಡೆ ಕಾದರೆ ಒಳಗಿನ ಗುಟ್ಟು ಮುಚ್ಚಿಹೋಗುತ್ತದಂತೆ. ಹಿಂದಿನ ರಾತ್ರಿ ನಾನು ನಿನಗೆ ಹೇಳಿದ್ದೆ, ನಿಮ್ಮತ್ತೆ ಇದ್ದಾರಲ್ಲ, ನಾನು ಯಾಕೆ, ಅಂಗಡಿಯಲ್ಲಿ ಯೂನಿಫಾರಂ ರಾಶಿ ಬಿದ್ದಿದೆ, ಬರುವುದಿಲ್ಲ ಎಂದು. ಅದು ಮುನಿಸಿಗೆ ಹೇಳಿದ್ದು. "ಇಲ್ಲ, ನೀನೂ ಹೋಗಮ್ಮ" ಎಂದು ನೀನು ಅನ್ನಲಿ ಎಂದು ಹೇಳಿದ್ದು. ನೀನು "ಸರಿ, ಸುಸ್ತು ಮಾಡ್ಕೋಬೇಡ" ಎಂದು ಫೋನ್ ಇಟ್ಟುಬಿಟ್ಟೆ. ಬೆಳಿಗ್ಗೆ ನಿಮ್ಮತ್ತೆಗಿಂತ ಮೊದಲು ನಾನೇ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದೆ.

ಕ್ಯಾಮೆರಾದವರು ಹೊಟ್ಟೆ ಮುಂದೆ ಬಂದ, ಮಾತು ಜಾಸ್ತಿಯ ಮನುಷ್ಯ. ಆ ಯಂತ್ರ ದೊಡ್ಡ ಟಾರ್ಚಿನಷ್ಟಿದೆ, ಹಿಂದೆ ಒಂದು ಸಣ್ಣ ಪರದೆ. ಕಣ್ಣಿಗೆ ಬಿಳಿಯಾಗಿ ಕಾಣುವ ಗೋಡೆ ಅದರಲ್ಲಿ ಬಣ್ಣಬಣ್ಣವಾಗುತ್ತದೆ. ಬಿಸಿ ಇದ್ದಲ್ಲಿ ಹಳದಿ, ಕಿತ್ತಳೆ. ತಂಪು ಇದ್ದಲ್ಲಿ ನೀಲಿ, ನೇರಳೆ. ಬ್ರೋಕರು ಬೀಗ ತೆಗೆದುಕೊಟ್ಟು ಗೇಟಿನ ಹತ್ತಿರ ಫೋನಿನಲ್ಲಿ ಮುಳುಗಿದ. ಒಳಗೆಲ್ಲ ಹೊಸ ಪೇಂಟಿನ ವಾಸನೆ.

"ಹೊಸ ಪೇಂಟ್ ನೋಡಿದ್ರೆ ನಂಗೆ ಮೊದ್ಲು ಅನುಮಾನ ಬರೋದು," ಎಂದರು ಕ್ಯಾಮೆರಾದವರು. "ಮದುವೆಗೆ ಮುಂಚೆ ಮುಖಕ್ಕೆ ಪೌಡರ್ ಬಳ್ಕೊಂಡ ಹಾಗೆ. ನನ್ನ ಕಾಲಕ್ಕೆ ಈ ಕ್ಯಾಮೆರಾ ಇರ್ಲಿಲ್ಲ."

ನಿಮ್ಮತ್ತೆ ನಕ್ಕರು. ನಾನೂ ನಗುತ್ತಿದ್ದೆ, ಅವರು ಮೊದಲು ನಕ್ಕಿದ್ದರಿಂದ ಸುಮ್ಮನಾದೆ.

ಆ ಮನುಷ್ಯನಿಗೆ ವಯಸ್ಸಾದ ಹೆಂಗಸರೆಲ್ಲ "ಅಮ್ಮ". "ಅಮ್ಮಾ, ಸ್ವಲ್ಪ ಪಕ್ಕಕ್ಕೆ" ಎಂದರೆ ಇಬ್ಬರೂ ಪಕ್ಕಕ್ಕೆ ಸರಿಯುತ್ತಿದ್ದೆವು. "ಅಮ್ಮಾ, ಆ ಲೈಟ್ ಹಾಕಿ" ಎಂದರೆ ಇಬ್ಬರ ಕೈಯೂ ಸ್ವಿಚ್ಚಿಗೆ ಹೋಗುತ್ತಿತ್ತು. ಹಾಲಿನ ಸ್ವಿಚ್‌ಬೋರ್ಡಿನಲ್ಲಿ ಒಂದು ಕಡೆ ಹಳದಿ ಉರಿಯುತ್ತಿತ್ತು, ಒಳಗೆ ವೈರು ಸಡಿಲವಾಗಿದೆಯಂತೆ, ಬದಲಾಯಿಸಬೇಕು. ಮಹಡಿಯ ಮೇಲಿನ ನಿಮ್ಮ ರೂಮಿಗೆ ಏನೂ ತೊಂದರೆ ಇಲ್ಲ. ಬಚ್ಚಲಿನ ನುಣುಪು ಟೈಲ್ಸಿನ ಮೇಲೆ ಒಂದು ದೊಡ್ಡ ಕಿತ್ತಳೆ ಆಕಾರ ಕಂಡಿತು. ನಾನು ಹೆದರಿ, "ಗೋಡೆ ಆಚೆ ಯಾರೋ ನಿಂತಿದಾರೆ" ಎಂದೆ.

"ಯಾರೂ ಇಲ್ಲಮ್ಮ. ನುಣುಪು ಟೈಲ್ಸು ಶಾಖಕ್ಕೂ ಕನ್ನಡಿ ಇದ್ದಂಗೆ. ಅದು ಈ ಅಮ್ಮನ ನೆರಳು," ಎಂದು ನಿಮ್ಮತ್ತೆಯನ್ನು ತೋರಿಸಿದರು.

ಯಾವ ಗೋಡೆ ನೋಡಿದರೂ ಅವರೇ. ನನಗೆ ಸಾಕಾಗಿಹೋಯಿತು.

ನಮಗೆ ನಂಬಿಕೆ ಬರಲಿ ಎಂದೋ, ಕ್ಯಾಮೆರಾದವರಿಗೇ ಆಟವಾಡುವ ಮನಸ್ಸಾಯಿತೋ, "ಇಬ್ರೂ ಅಂಗೈ ಗೋಡೆಗೆ ಒತ್ತಿ, ಹತ್ತು ಎಣಿಸಿ ತೆಗೀರಿ" ಎಂದರು. ಒತ್ತಿದೆವು, ತೆಗೆದೆವು. ಬರಿಗಣ್ಣಿಗೆ ಗೋಡೆ ಖಾಲಿ. ಪರದೆಯಲ್ಲಿ ನೋಡಿದರೆ ನಿಮ್ಮತ್ತೆಯ ಕೈ ಐದೂ ಬೆರಳು ಸಮೇತ ಹಳದಿಯಾಗಿ ಹೊಳೆಯುತ್ತಿದೆ. ಅದರ ಪಕ್ಕದಲ್ಲಿ ನನ್ನದು ಇಲ್ಲ.

"ಒತ್ತಿದ್ರಾ ಅಮ್ಮ?"

"ಒತ್ತಿದೆ."

"ಹಾಗಾದ್ರೆ ನಿಮ್ಮ ಕೈ ಗೋಡೆಯಷ್ಟೇ ತಣ್ಣಗಿದೆ. ಅದಕ್ಕೇ ಗುರುತು ಬಿದ್ದಿಲ್ಲ."

ನಿಮ್ಮತ್ತೆ ಕೂಡಲೇ ನನ್ನ ಕೈ ಹಿಡಿದು ಉಜ್ಜತೊಡಗಿದರು. "ಅಯ್ಯೋ, ಎಷ್ಟು ತಣ್ಣಗಿದೆ ನೋಡಿ. ರಕ್ತ ಪರೀಕ್ಷೆ ಮಾಡಿಸಿದೀರಾ?" ನಾನು ಕೈ ಬಿಡಿಸಿಕೊಂಡೆ. ನನ್ನ ಕೈ ಮೊದಲಿನಿಂದಲೂ ಹೀಗೇ, ನಿನಗೆ ಗೊತ್ತು. ಜ್ವರ ಬಂದಾಗಲೆಲ್ಲ ನೀನು "ತಣ್ಣನೆ ಕೈ ಕೊಡಮ್ಮ" ಎಂದು ಎಳೆದು ಹಣೆಯ ಮೇಲೆ ಇಟ್ಟುಕೊಳ್ಳುತ್ತಿದ್ದೆ. ಒಂದು ಕೈ ಬೆಚ್ಚಗಾದರೆ ಇನ್ನೊಂದು ಕೇಳುತ್ತಿದ್ದೆ. ಅವರ ಕೈಗುರುತು ಆ ಗೋಡೆಯ ಮೇಲೆ ತುಂಬ ಹೊತ್ತು ಇತ್ತು. ಯಾಕೆ ಇಷ್ಟು ನಿಧಾನವಾಗಿ ಆರುತ್ತಿದೆ ಎಂದು ನಾನು ನೋಡುತ್ತಲೇ ನಿಂತಿದ್ದೆ.

ಆಗ ಕ್ಯಾಮೆರಾದವರು ಹೇಳಿದರು: "ನಡೀರಿ, ಮುಖ್ಯವಾದದ್ದು ಇನ್ನೂ ಇದೆ. ಅಮ್ಮನ ರೂಮನ್ನ ಚೆನ್ನಾಗಿ ನೋಡಿ ಅಂತ ಮೇಡಂ ಸ್ಪೆಷಲ್ಲಾಗಿ ಹೇಳಿದಾರೆ. ಕೆಳಗಿಂದು, ಎರಡು ಕಿಟಕಿ ಇರೋದು."

ಅಮ್ಮನ ರೂಮು.

ಗುಂಡಿ, ನಿನಗೆ ನೆನಪಿದೆಯೋ ಇಲ್ಲವೋ. ನಾವು ಒಂದೇ ಕೋಣೆಯಲ್ಲಿ ಇದ್ದಾಗ ಜಾಗ ಸಾಲದೆ ನೀನು ಹೊಲಿಗೆ ಮಷಿನ್ನಿನ ಕೆಳಗೆ ಕಾಲು ಚಾಚಿ ಮಲಗುತ್ತಿದ್ದೆ. ನಾನು ಪೆಡಲ್ ತುಳಿಯುವಾಗ ನಿನ್ನ ಕಾಲಿಗೆ ತಾಗಿದರೆ, "ದೊಡ್ಡವಳಾದ್ಮೇಲೆ ಅಮ್ಮನ ರೂಮು ಅಂತ ಬೇರೆ ಕಟ್ಟಿಸ್ತೀನಿ, ಅಲ್ಲಿ ಹೋಗಿ ತುಳ್ಕೋ" ಎನ್ನುತ್ತಿದ್ದೆ. ಅದೇ ಎರಡು ಮಾತು ಆ ಖಾಲಿ ಮನೆಯಲ್ಲಿ ಆ ಮನುಷ್ಯನ ಬಾಯಿಂದ ಬಂತು.

ನಾನು ನಿಮ್ಮತ್ತೆಯ ಕಡೆ ನೋಡಿದೆ. ಅವರು ಕಿಟಕಿಯ ಚಿಲಕ ಹಾಕಿ ತೆಗೆದು ನೋಡುತ್ತಿದ್ದರು. ಪಾಪ, ಇವರಿಗೆ ಗೊತ್ತಿಲ್ಲ, ಇವರನ್ನು ಎಲ್ಲಿ ಮಲಗಿಸುತ್ತಾರೋ ಎಂದುಕೊಂಡೆ. ಅವರ ಮೇಲೆ ನನಗೆ ಮೊದಲ ಸಲ ಕನಿಕರ ಬಂತು. ಮಹಡಿ ಹತ್ತುವಾಗ ಅವರ ಚೀಲವನ್ನೂ ನಾನೇ ಹಿಡಿದುಕೊಂಡಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಗೆದ್ದವರಿಗೆ ಒಳ್ಳೆಯತನ ಎಷ್ಟು ಸುಲಭ ನೋಡು.

ರೂಮು ಚೆನ್ನಾಗಿದೆ. ಒಂದು ಕಿಟಕಿ ಹಿತ್ತಲ ಕಡೆ, ಇನ್ನೊಂದು ಬೀದಿ ಕಡೆ. ಬೀದಿ ಕಿಟಕಿಯ ಕೆಳಗೆ ಮಷಿನ್, ಎಡಗಡೆಯಿಂದ ಬೆಳಕು ಬೀಳುತ್ತದೆ, ಸೂಜಿಗೆ ದಾರ ಪೋಣಿಸಲು ಕನ್ನಡಕ ಬೇಡ. ಇಸ್ತ್ರಿ ಟೇಬಲ್ಲು ಬಚ್ಚಲ ಕಡೆಯ ಗೋಡೆಗೆ. ಗಿರಾಕಿಗಳು ಹಿತ್ತಲ ಬಾಗಿಲಿಂದ ಬಂದು ಹೋಗಬಹುದು, ನಿಮಗೆ ಕಿರಿಕಿರಿ ಇಲ್ಲ. ನಿಂತಲ್ಲೇ ಅಷ್ಟೂ ಜೋಡಿಸಿಬಿಟ್ಟೆ. ಇದಕ್ಕೇ ಹಿರಿಯರು ಹೇಳುವುದು... (ಇಲ್ಲೊಂದು ಗಾದೆ ಬರೆದಿದ್ದೆ, ಹೊಡೆದುಹಾಕಿದ್ದೇನೆ. ಓದಲು ಪ್ರಯತ್ನ ಮಾಡಬೇಡ.)

ಇಸ್ತ್ರಿ ಟೇಬಲ್ಲಿಗೆಂದು ನಾನು ಇಟ್ಟುಕೊಂಡಿದ್ದ ಗೋಡೆಗೇ ಅವರು ಕ್ಯಾಮೆರಾ ಹಿಡಿದದ್ದು. ಹಿಡಿದವರು ಪರದೆಯನ್ನು ನಮಗೆ ತೋರಿಸಿದರು. ಕಣ್ಣಿಗೆ ಹಾಲಿನಂಥ ಗೋಡೆ. ಪರದೆಯಲ್ಲಿ ಕೆಳಗಿನಿಂದ ಸೊಂಟದೆತ್ತರಕ್ಕೆ ಕಡುನೀಲಿ, ಇಸ್ತ್ರಿಗೆ ಮುಂಚೆ ನೀರು ಚಿಮುಕಿಸಿದ ಬಟ್ಟೆಯ ಹಾಗೆ.

"ನೀರಾ?" ಎಂದರು ನಿಮ್ಮತ್ತೆ.

"ಅವಸರ ಬೇಡ. ಕ್ಯಾಮೆರಾ ನೀರು ನೋಡಲ್ಲ, ತಂಪು ನೋಡುತ್ತೆ. ತಂಪು ಇದ್ದ ಕಡೆಯೆಲ್ಲ ನೀರು ಇರ್ಲೇಬೇಕು ಅಂತೇನಿಲ್ಲ. ಚುಚ್ಚಿ ನೋಡ್ಬೇಕು." ತೇವ ಸಿಕ್ಕರೆ ಕೂಗುವ, ಎರಡು ಮೊಳೆಯ ಇನ್ನೊಂದು ಸಣ್ಣ ಯಂತ್ರ ತೆಗೆದು ಗೋಡೆಗೆ ಚುಚ್ಚಿದರು. ಅದು ಕುಯ್ಯೆಂದಿತು. ನನ್ನನ್ನು ಬಚ್ಚಲಿಗೆ ಕಳಿಸಿ ನಲ್ಲಿ ಬಿಡಿಸಿದರು. ಸ್ವಲ್ಪ ಹೊತ್ತಿಗೆ ನೀಲಿ ಇನ್ನಷ್ಟು ಹರಡಿತು. ಗೋಡೆಯೊಳಗೆ ಪೈಪಿನ ಜಾಯಿಂಟ್ ಸೋರುತ್ತಿದೆ, ಅದನ್ನು ಮುಚ್ಚಲೆಂದೇ ಪೇಂಟು.

ಅವರು ಅಲ್ಲಿಂದಲೇ ನಿನಗೆ ಫೋನ್ ಮಾಡಿದರು. ಅವರ ಫೋನೂ ಸ್ಪೀಕರಿನಲ್ಲೇ. ಈ ಸ್ಪೀಕರನ್ನು ಕಂಡುಹಿಡಿದವರು ನನ್ನ ಕೈಗೆ ಸಿಗಬೇಕು. ಖಾಲಿ ರೂಮಿನಲ್ಲಿ ನಿನ್ನ ಧ್ವನಿ ನಾಲ್ಕೂ ಗೋಡೆಗೆ ಬಡಿದು ಬರುತ್ತಿತ್ತು.

"ಮೇಡಂ, ಅಮ್ಮನ ರೂಮಿನ ಬಚ್ಚಲ ಗೋಡೆ ಪೂರ್ತಿ ತೇವ."

"ಅಯ್ಯೋ, ಅದು ಆಗೋದೇ ಇಲ್ಲ," ಎಂದೆ ನೀನು. ನನ್ನ ಎದೆ ತುಂಬಿತು. ಅಮ್ಮನ ರೂಮಿಗಾಗಿ ಎಷ್ಟು ಗಾಬರಿ ನೋಡು ಎಂದುಕೊಂಡೆ. "ಅಮ್ಮಂಗೆ ಆಸ್ತಮಾ ಇದೆ. ತೇವದ ಗೋಡೆ ಪಕ್ಕ ಒಂದು ರಾತ್ರಿನೂ ಮಲಗೋಕಾಗಲ್ಲ. ಅದು ಸರಿ ಮಾಡಿಕೊಡದೆ ನಾವು ಮನೆ ತಗೊಳ್ಳಲ್ಲ ಅಂತ ಬ್ರೋಕರ್‌ಗೆ ಹೇಳಿ."

ನನಗೆ ಆಸ್ತಮಾ ಇಲ್ಲ.

ಅಷ್ಟು ಅರ್ಥವಾಗಲು ನನಗೆ ಒಂದು ಗಳಿಗೆ ಬೇಕಾಯಿತು. ನಲ್ಲಿ ನಿಲ್ಲಿಸಿ ಬಂದಿದ್ದೆ, ಕೈ ಒದ್ದೆ ಇತ್ತು, ಒರೆಸಿಕೊಳ್ಳುತ್ತಾ ನಿಂತಿದ್ದೆ, ಒರೆಸಿಕೊಳ್ಳುತ್ತಲೇ ಇದ್ದೆ. ನನ್ನ ಜೊತೆ ಮಾತಾಡುವಾಗ ನೀನು "ಅತ್ತೆ" ಎಂದೇ ಹೇಳುತ್ತಿದ್ದೆ. ಅಲ್ಲಿ, ಆ ಮನೆಯೊಳಗೆ, ಅದು ಯಾವಾಗ "ಅಮ್ಮ" ಆಯಿತು? ಆಯಿತೆಂದು ನನಗೇಕೆ ಹೇಳಲಿಲ್ಲ?

ಕ್ಯಾಮೆರಾದವರು ಸಡಗರದಿಂದ, "ಇಬ್ರೂ ಅಮ್ಮಂದಿರು ಇಲ್ಲೇ ಇದಾರೆ ಮೇಡಂ" ಎಂದರು. ನೀನು "ಅಮ್ಮ, ನೀನೂ ಬಂದಿದೀಯಾ?" ಎಂದೆ. ನೀನೂ. ಆ ದೀರ್ಘ ಒಂದು ಬೇಡವಾಗಿತ್ತು.

"ಬಂದಿದೀನಿ. ಗೋಡೆ ನೋಡ್ತಿದೀನಿ," ಎಂದೆ.

ಫೋನು ಇಟ್ಟ ಮೇಲೆ ಆ ಮನುಷ್ಯ ಇನ್ನೂ ಹುರುಪಿನಲ್ಲಿದ್ದರು. "ಈಗ ನಿಮ್ಮಿಬ್ಬರನ್ನ ತೋರಿಸ್ತೀನಿ ನೋಡಿ" ಎಂದು ಯಂತ್ರವನ್ನು ನಮ್ಮ ಕಡೆ ತಿರುಗಿಸಿದರು. ನಾನು ಕೈಚೀಲವನ್ನು ಹೊಟ್ಟೆಗೆ ಅಡ್ಡ ಹಿಡಿದುಕೊಂಡೆ. ಗೋಡೆಯೊಳಗಿನ ನೀರನ್ನು ಹಿಡಿದುಕೊಟ್ಟ ಯಂತ್ರ, ಹೊಟ್ಟೆಯೊಳಗಿನ ಕಿಚ್ಚು ಕಾಣದೆ ಇರುತ್ತದೆಯೇ. ನಗಬೇಡ. ಆ ಕ್ಷಣ ನನಗೆ ನಿಜವಾಗಿ ಹಾಗೇ ಅನ್ನಿಸಿತ್ತು.

ಅವರು ಹೊರಡುವಾಗ ಗೇಟಿನವರೆಗೆ ಹೋಗಿ, "ಆ ರೂಮು ಪೂರ್ತಿ ಹಾಳು ಅಲ್ವಾ?" ಎಂದು ಕೇಳಿದೆ. ಹೌದು ಎನ್ನಲಿ ಎಂದು ಆಸೆಯಿಂದಲೇ ಕೇಳಿದೆ.

"ಇಲ್ಲಮ್ಮ. ಒಂದು ಜಾಯಿಂಟು, ಅಷ್ಟೆ. ಒಡೆದು ಹಾಕಿಸಿ, ಒಣಗಲಿಕ್ಕೆ ಬಿಟ್ಟು, ಮತ್ತೆ ಒಂದು ಸಲ ಫೋಟೊ ತೆಗೆದ್ರೆ ಆಯ್ತು. ಮನೇಲಿ ಒಳ್ಳೆ ರೂಮು ಅಂದ್ರೆ ಅದೇ."

ಗಿರಾಕಿಯ ಅಮ್ಮನ ಸಂತೋಷಕ್ಕೆಂದು ಒಂದು ಸುಳ್ಳೂ ಹೇಳಲಿಲ್ಲ ಪುಣ್ಯಾತ್ಮ.

ಇವತ್ತಿಗೆ ನಿಲ್ಲಿಸುತ್ತೇನೆ. ಯಾರೋ ಜಿಪ್ ಹಾಕಿಸಲು ಬಂದಿದ್ದಾರೆ.

ಸೋಮವಾರ, ಬೆಳಿಗ್ಗೆ

ನಿನ್ನೆ ಬರೆದದ್ದನ್ನು ಓದಿ ನೋಡಿದೆ. ಹರಿಯಬೇಕು ಅನ್ನಿಸಿತು, ಮೂರನೇ ಸಲ ಹರಿಯಲು ಕಾಗದ ಇಲ್ಲ.

ನಿಮ್ಮತ್ತೆಯ ವಿಷಯ ಪೂರ್ತಿ ಮಾಡುತ್ತೇನೆ. ಅವತ್ತು ಇಬ್ಬರೂ ನಡೆದೇ ವಾಪಸ್ಸು ಬಂದೆವು. ನನ್ನ ಮನೆ ಮೆಟ್ಟಿಲ ಹತ್ತಿರ ಅವರೇ ನಿಂತು, "ದೊಡ್ಡ ರೂಮೇ ಅದು. ನಿಮ್ಮ ಮಷಿನ್ನೂ ಹಿಡಿಸುತ್ತೆ, ನನ್ನ ಮಂಚನೂ ಹಿಡಿಸುತ್ತೆ. ಯೋಚನೆ ಮಾಡಿ" ಎಂದರು. ಅವರು ಮನಸ್ಸಿನಿಂದಲೇ ಹೇಳಿದ್ದು, ಅದು ನನಗೆ ಗೊತ್ತು. ಆದರೂ ನನ್ನ ಮಗಳ ಮನೆಯಲ್ಲಿ ನನಗೆ ಅರ್ಧ ರೂಮನ್ನು ಅವರು ಕೊಡುತ್ತಿದ್ದಾರಲ್ಲ ಎಂದು ಮೈಯೆಲ್ಲ ಉರಿಯಿತು. ಅವರು ಕೆಟ್ಟವರಾಗಿದ್ದರೆ ಜಗಳ ಆಡಿ ಮುಗಿಸುತ್ತಿದ್ದೆ. "ನನಗೆ ಅಂಗಡಿ ಮೇಲಿನ ಕೋಣೆಯೇ ಅಭ್ಯಾಸ" ಎಂದೆ. ಅದೂ ಸುಳ್ಳಲ್ಲ. ನನ್ನ ಗೋಡೆಗಳಿಗೆ ಕ್ಯಾಮೆರಾ ಬೇಕಿಲ್ಲ, ತೇವ ಬರಿಗಣ್ಣಿಗೇ ಕಾಣುತ್ತದೆ.

ಈಗ ನೀನು ಕೇಳಿದ್ದಕ್ಕೆ ಉತ್ತರ. ಮನೆ ತಗೋ. ಗೋಡೆ ಒಡೆದು ಪೈಪು ಸರಿ ಮಾಡಿಸುವುದು ಮಾರುವವರ ಕೆಲಸ ಎಂದು ಬ್ರೋಕರ್ ಒಪ್ಪಿದ್ದಾನೆ. ಒಡೆಯುವ ದಿನ ನಾನೇ ಎದುರಿಗೆ ನಿಲ್ಲುತ್ತೇನೆ, ನಿಮ್ಮತ್ತೆ ಮತ್ತೆ ರೈಲು ಹತ್ತುವುದು ಬೇಡ, ಧೂಳು ಅವರಿಗೆ ಆಗುವುದಿಲ್ಲ. ಒಣಗುವ ಮುಂಚೆ ಪೇಂಟು ಬಳಿಯಲು ಬಿಡುವುದಿಲ್ಲ. ಎರಡನೇ ಸಲದ ಫೋಟೊದಲ್ಲಿ ಗೋಡೆ ಒಂದೇ ಬಣ್ಣಕ್ಕೆ ಬರಬೇಕು, ಬಂದ ಮೇಲೇ ರುಜು ಹಾಕಿ. ಅಳಿಯಂದಿರಿಗೂ ಹೇಳು, ಸ್ವಿಚ್‌ಬೋರ್ಡು ಮರೆಯುವುದು ಬೇಡ.

ಆ ರೂಮಿನ ಎರಡು ಕಿಟಕಿಗೂ ಪರದೆ ನಾನೇ ಹೊಲಿದುಕೊಡುತ್ತೇನೆ. ಅಳತೆ ಅವತ್ತೇ ಕಣ್ಣಲ್ಲೇ ತೆಗೆದುಕೊಂಡಿದ್ದೆ. ಬೇರೆ ಲೆಕ್ಕದಲ್ಲಿ ತೆಗೆದದ್ದು, ಆದರೂ ಅಳತೆ ಅಳತೆಯೇ. ಅವರಿಗೆ ಧೂಳು ಹಿಡಿಯದಂಥ ಬಟ್ಟೆ ನೋಡುತ್ತೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಸಾಮಾನು ಕಟ್ಟುವಾಗ ನೀನು ಏನನ್ನೂ ಎತ್ತಬೇಡ, ಒಂದು ಬಕೆಟ್ ನೀರೂ ಎತ್ತಬೇಡ, ಎಲ್ಲ ಅಳಿಯಂದಿರೇ ಎತ್ತಲಿ. ಹೊಸ ಮನೆಯಲ್ಲಿ ನಿನಗೆ ನಿದ್ದೆ ಚೆನ್ನಾಗಿ ಬರಲಿ. ನಿನ್ನ ಮನಸ್ಸಿನಲ್ಲಿರುವುದು ಆಗಲಿ, ನಿಧಾನವಾಗಿಯಾದರೂ ಆಗಲಿ. ನನ್ನ ಆಯಸ್ಸಿನಲ್ಲಿ ಮಿಕ್ಕಿರುವುದರಲ್ಲಿ ನಿನಗೆ ಬೇಕಾದಷ್ಟು ತೆಗೆದುಕೊ.

ನಿನ್ನ ಅಮ್ಮ
(ಆಸ್ತಮಾ ಇಲ್ಲದವಳು)

ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ, ಅಂಚು ಹರಿದಿದ್ದರೆ ಅದಕ್ಕೇ. ನೀನು ಹೇಗಿದ್ದೀಯ ಎಂದು ಕೊನೆಗೆ ಕೇಳುತ್ತೇನೆ ಎಂದಿದ್ದೆನಲ್ಲ. ಈಗ ಕೇಳುತ್ತಿದ್ದೇನೆ. ಮೈ ಹೇಗಿದೆ, ಗುಂಡಿ?

ನಿಮ್ಮತ್ತೆ ಹೊರಡುವ ಸಂಜೆ, ಅವರು ಹೊದ್ದುಕೊಂಡಿದ್ದ ಬೆಡ್‌ಶೀಟನ್ನು ಆ ತುದಿ ಅವರು, ಈ ತುದಿ ನಾನು ಹಿಡಿದು ಮಡಿಸುತ್ತಿದ್ದೆವು. "ತಾನೇ ಬಂದು ಮನೆ ನೋಡ್ಬೇಕು ಅಂತ ತುಂಬ ಆಸೆ ಇತ್ತು ಅವಳಿಗೆ," ಎಂದರು. "ಡಾಕ್ಟರು ಪ್ರಯಾಣ ಬೇಡ ಅಂದ್ರು. ಮೂರು ತಿಂಗಳು ತುಂಬಿತ್ತು ನೋಡಿ, ಮೈ ಸೋತುಬಿಟ್ಟಿದೆ." ಮಡಿಕೆ ಕೂಡಿಸಲು ನನ್ನ ಹತ್ತಿರ ಬಂದವರು ನನ್ನ ಮುಖ ನೋಡಿ ನಿಂತರು. "ನಿಮಗೆ ಹೇಳಿದಾಳೆ ತಾನೆ?"

"ಹೇಳದೆ ಇರ್ತಾಳಾ," ಎಂದೆ. ಹಾಗೆ ಹೇಳಿದ್ದರಿಂದ ಅವರು ಮುಂದಿನದನ್ನೂ ಹೇಳಿದರು.

ಮಗು ಬಂದಿತ್ತು ಎನ್ನುವುದು, ಉಳಿಯಲಿಲ್ಲ ಎನ್ನುವುದು, ಎರಡೂ ನನಗೆ ಒಂದೇ ಮಡಿಕೆಯಲ್ಲಿ ಗೊತ್ತಾದವು. ಅದಕ್ಕೇ ವಾರ ಹಿಡಿಯಿತು ಈ ಕಾಗದಕ್ಕೆ. ಅದಕ್ಕೇ ಇಷ್ಟು ಪುಟ ಪೈಪು, ಪೇಂಟು ಎಂದು ತುಂಬಿಸಿದೆ. ನಾನು ಹೊಡೆದುಹಾಕಿದ ಗಾದೆ, ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ್ದರ ಬಗ್ಗೆ. ಕೈ ತನ್ನಷ್ಟಕ್ಕೆ ತಾನೇ ಬರೆದುಬಿಟ್ಟಿತ್ತು. ನಿನಗೆ ನೋವಾಗದಿರಲಿ ಎಂದು ಹೊಡೆದೆ, ಈಗ ನಾನೇ ಹೇಳಿಬಿಟ್ಟೆ.

ಯಾಕೆ ಹೇಳಲಿಲ್ಲ ಎಂದು ಕೇಳುವುದಿಲ್ಲ. ಅಮ್ಮ ಒಬ್ಬಳೇ ಇರುತ್ತಾಳೆ, ತಡೆದುಕೊಳ್ಳಲಾರಳು ಎಂದುಕೊಂಡಿರಬಹುದು. ರೂಮೂ ಅವರಿಗೇ ಇರಲಿ, ಮನಸ್ಸಿನಿಂದ ಹೇಳುತ್ತಿದ್ದೇನೆ. ಒಂದನ್ನು ಮಾತ್ರ ನನ್ನಿಂದ ಬಿಟ್ಟುಕೊಡಲು ಆಗುತ್ತಿಲ್ಲ.

ಆವತ್ತು ನೋವಿಗೆ ನೀನು ಒಂದೇ ಸಮ "ಅಮ್ಮಾ, ಅಮ್ಮಾ" ಎನ್ನುತ್ತಿದ್ದೆಯಂತೆ. "ಇಲ್ಲೇ ಇದೀನಿ ಕಣೇ ಅಂತ ಹಣೆ ಮೇಲೆ ಕೈ ಇಟ್ಕೊಂಡು ಕೂತಿದ್ದೆ. ಆಮೇಲೆ ನಿದ್ದೆ ಹೋದಳು" ಎಂದರು ನಿಮ್ಮತ್ತೆ.

ಅವರ ಕೈ ಬೆಚ್ಚಗಿದೆ. ನಾನು ನೋಡಿದ್ದೇನೆ.

ಆಗ ನೀನು ಕರೆದದ್ದು ಯಾವ ಅಮ್ಮನನ್ನು, ಗುಂಡಿ? ಅವರನ್ನೇ ಆಗಿದ್ದರೆ ಉತ್ತರ ಬರೆಯಬೇಡ, ನನಗೆ ತಿಳಿಯುತ್ತದೆ. ನನ್ನನ್ನಾಗಿದ್ದರೆ ಒಂದು ಸಾಲು ಬರೆದು ಹಾಕು. ಫೋನಿನಲ್ಲಿ ಬೇಡ.